ಒಡೆದ ಕಾಳು ಒಡೆದವರಿಗೆ

ಆ ಬೀದಿಯಲ್ಲಿ ಅವನನ್ನು ಹುಟ್ಟಿದ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಅವನ ಅಂಗಡಿಯ ಕುರ್ಚಿಯಲ್ಲಿ ಕೂತು ಕೆನ್ನೆಗೆ ನೊರೆ ಹಚ್ಚಿಸಿಕೊಂಡವರಿಗೆ, ಕ್ಷೌರದ ಕತ್ತಿ ಕಿವಿಯ ಹತ್ತಿರ ಬರುವಷ್ಟರಲ್ಲಿ ಜೋಂಪು ಹತ್ತುತ್ತಿತ್ತು. ಬ್ಯಾಂಕಿನ ಮ್ಯಾನೇಜರರೂ ಅಲ್ಲಿ ಗೊರಕೆ ಹೊಡೆದಿದ್ದರು, ಲಾರಿ ಡ್ರೈವರನೂ ಹೊಡೆದಿದ್ದ. ಹಾಗಾಗಿ ಅವನು ಎಲ್ಲರಿಗೂ ಜೋಂಪಣ್ಣ. ಮೂವತ್ತೈದು ವರ್ಷ ಕತ್ತಿ ಹಿಡಿದರೂ ಒಬ್ಬರ ಕೆನ್ನೆಯಲ್ಲೂ ರಕ್ತ ಕಂಡವರಲ್ಲ ಎಂದು ಹೆಂಡತಿ ಹೇಳಿಕೊಂಡು ತಿರುಗುತ್ತಿದ್ದಳು. ಎರಡು ಸಲ ಕಂಡಿದ್ದ. ಅದನ್ನು ಅವಳಿಗೆ ಹೇಳಿರಲಿಲ್ಲ, ಅಷ್ಟೇ.

ಒಂದು ಬೆಳಿಗ್ಗೆ ಗಿರಾಕಿಯ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬರುವಾಗ ಕತ್ತಿ ತಾನಾಗಿಯೇ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದರೆ ಬಲಗೈ ಬೇರೆ ಯಾರದೋ ಕೈಯ ಹಾಗೆ ತೂಗಾಡುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಕತ್ತರಿ ಆಡಿಸುತ್ತಿದ್ದ ತಮ್ಮ ಒಂದು ಗಳಿಗೆಯೂ ತಡಮಾಡದೆ ಗಾಡಿ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದ. ಅರ್ಧ ಬೋಳಿಸಿದ ಮುಖದ ಗಿರಾಕಿಯೂ ಕೊರಳಿಗೆ ಟವೆಲು ಕಟ್ಟಿಕೊಂಡೇ ಜೊತೆಗೆ ಹೋದ. ಲಕ್ವ ಹೊಡೆದಿದೆ, ಬೇಗ ತಂದಿದ್ದರಿಂದ ಜೀವ ಉಳಿಯಿತು ಎಂದರು ಡಾಕ್ಟರು.

ಹನ್ನೆರಡು ದಿನ ಕಳೆದು ಮನೆಗೆ ಬರುವಾಗ ಕಾಲು ನೆಟ್ಟಗಾಗಿತ್ತು, ನಾಲಿಗೆಯ ತೊದಲೂ ಹೋಗಿತ್ತು. ಕೈ ಮಾತ್ರ ಬರಲಿಲ್ಲ. ಮುಷ್ಟಿ ಕಟ್ಟಬಹುದಿತ್ತು. ಆದರೆ ಹೆಬ್ಬೆರಳೂ ತೋರುಬೆರಳೂ ಜಗಳವಾಡಿದ ಓರಗಿತ್ತಿಯರ ಹಾಗೆ ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಕತ್ತಿ ನಿಲ್ಲುವುದೇ ಆ ಎರಡು ಬೆರಳಿನ ಮೇಲೆ. ಇನ್ನು ಮುಂದೆ ನೀನು ಗಲ್ಲಾದ ಹತ್ತಿರ ಆರಾಮಾಗಿ ಕೂತುಕೋ, ನಾನು ನೋಡಿಕೊಳ್ಳುತ್ತೇನೆ ಎಂದು ತಮ್ಮ ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

"ಬಂದವರ ಮುಖ ನೋಡ್ಕೊಂಡು ಕೂತಿರೋಕೆ ನಾನೇನು ಕನ್ನಡೀನಾ?" ಎಂದ ಜೋಂಪಣ್ಣ.

ಕೈಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಒಂದು ಮೆತ್ತನೆಯ ಚೆಂಡು ಕೊಟ್ಟು, ದಿನಕ್ಕೆ ಮೂರು ಹೊತ್ತು ಹಿಚುಕಬೇಕು ಎಂದಿದ್ದರು. ಅರವತ್ತಕ್ಕೆ ಎರಡು ಕಡಿಮೆ ಇರುವವನು ಚೆಂಡಾಡುವುದೇ ಎಂದು ಅವನು ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟ. ಕಿಟಕಿಯ ಹತ್ತಿರ ಕೂತು, ಎದುರಿನ ಅಂಗಡಿಯಲ್ಲಿ ತಮ್ಮನ ಕುರ್ಚಿಗೆ ಹೋಗುವ ತನ್ನ ಗಿರಾಕಿಗಳನ್ನು ನೋಡುವುದೇ ಅವನ ಕೆಲಸವಾಯಿತು.

ನೋಡಲು ಬಂದವರೆಲ್ಲ ಹಣ್ಣು ತಂದಿದ್ದರು. ಸೇಬು, ಬಾಳೆ, ಕಿತ್ತಳೆ ಒಂದೊಂದಾಗಿ ಖಾಲಿಯಾದವು. ದಾಳಿಂಬೆ ಮಾತ್ರ ಬುಟ್ಟಿಯಲ್ಲೇ ಉಳಿಯಿತು. ಅದು ಯಾರಿಗೂ ಬೇಡದ ಹಣ್ಣೇನಲ್ಲ. ಬಿಡಿಸಿ ಕೊಟ್ಟರೆ ಎಲ್ಲರಿಗೂ ಬೇಕು, ಬಿಡಿಸುವ ರಗಳೆ ಯಾರಿಗೂ ಬೇಡ. ಒಂದು ಮಧ್ಯಾಹ್ನ ಹೆಂಡತಿಗೆ ರೇಗಿಹೋಯಿತು. ಎರಡು ಹಣ್ಣು ಹೋಳು ಮಾಡಿ ತಟ್ಟೆಗೆ ಹಾಕಿ ಅವನ ಮುಂದೆ ಕುಕ್ಕಿದಳು.

"ಸುಮ್ನೆ ಕೂತಿದೀರಲ್ಲ, ಇದನ್ನಾದ್ರೂ ಬಿಡಿಸಿ. ಎಡಗೈ ಮುಟ್ಟಿಸಿದ್ರೆ ನೋಡಿ ಮತ್ತೆ."

ಮೊದಲ ದಿನ ಕಾಳಿನ ಕೊಲೆಯೇ ಆಯಿತು. ಬೆರಳು ಒತ್ತಿದರೆ ರಸ ಚಿಮ್ಮಿ ಗೋಡೆಗೆ ಹಾರುತ್ತಿತ್ತು. ಒತ್ತದಿದ್ದರೆ ಕಾಳು ಬಿಳಿಯ ಪೊರೆ ಬಿಟ್ಟು ಏಳುತ್ತಲೇ ಇರಲಿಲ್ಲ. ಊಟಕ್ಕೆಂದು ಬಂದ ತಮ್ಮ ಅಣ್ಣನ ಬನಿಯನ್ನಿನ ತುಂಬ ಕೆಂಪು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಕದ್ದು ಕತ್ತಿ ಹಿಡಿದು ಕೊಯ್ದುಕೊಂಡಿದ್ದಾನೆ ಎಂದೇ ಅವನು ತಿಳಿದಿದ್ದ. ಅತ್ತಿಗೆ ನಕ್ಕ ಮೇಲೆ ಅವನೂ ನಕ್ಕ.

ಜೋಂಪಣ್ಣ ನಗಲಿಲ್ಲ. ಅವನು ಒಡೆದ ಕಾಳುಗಳನ್ನು ಎಣಿಸುತ್ತಿದ್ದ. ಒಂದೊಂದು ಒಡೆದ ಕಾಳೂ ಅವನಿಗೆ ಒಬ್ಬೊಬ್ಬರ ಕೆನ್ನೆಯಾಗಿ ಕಾಣುತ್ತಿತ್ತು. ಐವತ್ತರವರೆಗೆ ಎಣಿಸಿ ಬಿಟ್ಟುಬಿಟ್ಟ. "ಇವತ್ತೊಂದೇ ದಿನ ಐವತ್ತು ಜನರನ್ನ ಕೊಯ್ದುಹಾಕಿದೆ ಕಣೋ," ಎಂದ ತಮ್ಮನಿಗೆ.

ಮಾರನೆಯ ದಿನ ಹೆಂಡತಿ ಕೇಳದೆಯೇ ಅವನು ಬುಟ್ಟಿಗೆ ಕೈ ಹಾಕಿದ. ಅವಳು ಎರಡು ಬಟ್ಟಲು ತಂದಿಟ್ಟು ಮನೆಗೊಂದು ಕಾನೂನು ಮಾಡಿದಳು. ಇಡೀ ಕಾಳು ಮನೆಯವರಿಗೆ, ಒಡೆದ ಕಾಳು ಒಡೆದವರಿಗೆ. ಹಾಗಾಗಿ ಮೊದಲ ತಿಂಗಳು ಅವನಿಗೆ ಹಬ್ಬ. ನಜ್ಜುಗುಜ್ಜಾದ ಕಾಳನ್ನು ಚಮಚದಲ್ಲಿ ತುಂಬಿಕೊಂಡು, ಚಿಟಿಕೆ ಉಪ್ಪು ಹಾಕಿ ಬಾಯಿಗೆ ಸುರಿದುಕೊಳ್ಳುತ್ತಿದ್ದ. ಮೊದಲು ಸಿಹಿ, ಅದರ ಹಿಂದೆಯೇ ಸಣ್ಣ ಹುಳಿ, ಕೊನೆಗೆ ಬೀಜ ಹಲ್ಲಿಗೆ ಸಿಕ್ಕಿ ಕರುಮ್ ಎನ್ನುವ ಸದ್ದು. ಇಷ್ಟು ವರ್ಷ ಈ ಹಣ್ಣನ್ನು ಕಂಡೂ ಕಾಣದವನ ಹಾಗೆ ಇದ್ದೆನಲ್ಲ ಎನಿಸಿತು. ಹೆಂಡತಿ ಬೀಜ ಉಗುಳುವವಳು. ಅವನು ಅಗಿದು ನುಂಗುವವನು. ಇದರ ಮೇಲೆಯೇ ದಿನಕ್ಕೊಂದು ವಾದ ನಡೆಯುತ್ತಿತ್ತು.

ಡಾಕ್ಟರಮ್ಮನ ಹತ್ತಿರ ಹೋದಾಗ ಹೆಂಡತಿ ಇದನ್ನೆಲ್ಲ ಹೇಳಿ, ಕೆಂಪು ಹಣ್ಣು ತಿಂದು ಇವರಿಗೆ ಮೈಯೆಲ್ಲ ರಕ್ತವಾಗಿದೆ, ಇನ್ನು ಮಾತ್ರೆ ಬೇಡವಲ್ಲ ಎಂದು ಕೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮ, ಕೆಂಪಗಿರೋದೆಲ್ಲ ರಕ್ತ ಆಗೋ ಹಾಗಿದ್ರೆ ಇಟ್ಟಿಗೆ ತಿನ್ನಿ ಅಂತಿದ್ದೆ."

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಹಣ್ಣು ಒಳ್ಳೆಯದೇ. ರಕ್ತನಾಳಗಳಿಗೆ ಒಳ್ಳೆಯದು, ಬಿಪಿ ಇಳಿಯುವುದಕ್ಕೂ ಸ್ವಲ್ಪ ಸಹಾಯವಾಗಬಹುದು. ಕಬ್ಬಿಣದ ಅಂಶ ಜನ ಅಂದುಕೊಂಡಷ್ಟು ಅದರಲ್ಲಿಲ್ಲ. ಆದರೆ ಸೊಪ್ಪು, ಬೇಳೆಕಾಳುಗಳಲ್ಲಿರುವ ಕಬ್ಬಿಣ ಮೈಗೆ ಹತ್ತಲು ಇಂಥ ಹಣ್ಣು ನೆರವಾಗುತ್ತದೆ. ಬೀಜದ ಸಮೇತ ಅಗಿದು ತಿಂದರೆ ನಾರು ಸಿಗುತ್ತದೆ, ಬೆಳಿಗ್ಗೆ ಹೊಟ್ಟೆ ಹಗುರವಾಗುತ್ತದೆ. ಸಕ್ಕರೆ ಸುರಿದ ಜ್ಯೂಸು ಬೇಡ. ಮಾತ್ರೆ ಒಂದು ದಿನವೂ ತಪ್ಪಕೂಡದು. ಬೀಜದ ಮಾತು ಬಂದಾಗ ಜೋಂಪಣ್ಣ ಹೆಂಡತಿಯ ಕಡೆಗೆ ತಿರುಗಿ ಹುಬ್ಬು ಹಾರಿಸಿದ. ಅವಳು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದಳು. ಆದರೆ ಅಂದಿನಿಂದ ಅವಳೂ ಅಗಿಯತೊಡಗಿದಳು. ಬೆಳಗಿನ ಅವಳ ಬಹಳ ದಿನದ ತೊಂದರೆ ಹದಿನೈದೇ ದಿನಕ್ಕೆ ಹಾದಿಗೆ ಬಂತು.

ಬುಟ್ಟಿ ಖಾಲಿಯಾದಾಗೆಲ್ಲ ತಮ್ಮ ಹಣ್ಣು ತಂದು ತುಂಬಿದ, ಕೈ ಪಳಗುತ್ತ ಹೋಯಿತು. ಹಣ್ಣಿನ ಮೇಲಿನ ಕಿರೀಟವನ್ನಷ್ಟೇ ಕೊಯ್ದು, ಗೆರೆ ಹಿಡಿದು ಸೀಳಿ, ಕಾಳಿನ ಬುಡಕ್ಕೆ ಬೆರಳ ತುದಿ ತಾಗಿಸಿ ಮೆಲ್ಲಗೆ ಹೊರಳಿಸುವುದನ್ನು ಕಲಿತ. ಸಿಪ್ಪೆಯ ಒಗರು ಹತ್ತಿ ಉಗುರೆಲ್ಲ ಕಪ್ಪಾದವು. ಎರಡನೆಯ ತಿಂಗಳ ಕೊನೆಗೆ ಒಂದು ಹಣ್ಣಿಗೆ ಹತ್ತೋ ಹನ್ನೆರಡೋ ಕಾಳು ಮಾತ್ರ ಒಡೆಯುತ್ತಿದ್ದವು. ಇಡೀ ಕಾಳಿನ ಬಟ್ಟಲು ಮನೆ ದಾಟಿ ಅಂಗಡಿಗೂ ಹೋಗತೊಡಗಿತು. ಸರದಿಗೆ ಕಾಯುವ ಗಿರಾಕಿಗಳು ಹಿಡಿ ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಮೂರನೆಯ ತಿಂಗಳಲ್ಲಿ ಕೈ ಮತ್ತೆ ಕೆಟ್ಟಿತು. ಒಡೆದ ಕಾಳಿನ ಬಟ್ಟಲು ದಿನದಿನಕ್ಕೆ ಮೇಲೇರಿತು. ಹತ್ತು ಇದ್ದದ್ದು ಮೂವತ್ತಾಯಿತು, ಮೂವತ್ತು ಅರವತ್ತಾಯಿತು. ಹೆಂಡತಿ ಪಾತ್ರೆ ತೊಳೆಯುವಾಗ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಇನ್ನೊಂದು ಸಲ ಲಕ್ವ ಹೊಡೆದರೆ ಎಂಬ ಭಯಕ್ಕೆ ಅವಳಿಗೆ ಅನ್ನ ಸೇರದಾಯಿತು. ಕೊನೆಗೆ ಒಂದು ಹಣ್ಣನ್ನು ಚೀಲಕ್ಕೆ ಹಾಕಿಕೊಂಡು, ಗಂಡನನ್ನು ಎಳೆದುಕೊಂಡೇ ಡಾಕ್ಟರಮ್ಮನ ಹತ್ತಿರ ಹೋದಳು.

ಅವರು ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಹಿಡಿತ ಅಳೆದರು. ಎಲ್ಲ ಚೆನ್ನಾಗಿಯೇ ಇತ್ತು. ಎಲ್ಲಿ, ನನ್ನೆದುರಿಗೇ ಬಿಡಿಸಿ ಎಂದರು. ಜೋಂಪಣ್ಣ ಅರ್ಧ ಹಣ್ಣು ಬಿಡಿಸಿದ. ಒಂದೇ ಒಂದು ಕಾಳೂ ಒಡೆಯಲಿಲ್ಲ. ಹೆಂಡತಿ ತಟ್ಟೆಯನ್ನೊಮ್ಮೆ ಗಂಡನನ್ನೊಮ್ಮೆ ನೋಡಿದಳು. ಅವನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿದ್ದ.

"ಮನೇಲಿ ಮಾತ್ರ ಹೇಗ್ರೀ ಒಡೆಯುತ್ತೆ?"

"ಏನ್ಮಾಡ್ಲಿ ಮತ್ತೆ? ಕೈ ಸರಿಹೋದಷ್ಟೂ ನನ್ನ ಬಾಯಿಗೆ ಮಣ್ಣು. ಇಡೀದೆಲ್ಲ ನೀವೇ ತಿಂತೀರಿ. ಅದಕ್ಕೇ ಒಂದಷ್ಟನ್ನ ನಾನೇ ಹಿಸುಕಿಬಿಡ್ತಿದ್ದೆ."

ಅವಳಿಗೆ ಸಿಟ್ಟು ಬಂತು, ಅಳು ಬಂತು, ಎರಡರ ನಡುವೆ ನಗು ಬಂತು. ಡಾಕ್ಟರಮ್ಮ ಮಾತ್ರ ನಗದೆ ಮತ್ತೆ ಅವನ ಬೆರಳು ಹಿಡಿದು ನೋಡಿದರು. ಪಕ್ಕದ ಕಾಳಿಗೆ ಪೆಟ್ಟಾಗದ ಹಾಗೆ ಬೇಕಾದ ಒಂದನ್ನೇ ಒಡೆಯುವಷ್ಟು ಅಂಕೆ ಬಂದಿದೆಯೆಂದರೆ ಕೈ ತಿರುಗಿ ಬಂದ ಹಾಗೆಯೇ ಎಂದರು. ಮೊದಲು ನಿಮ್ಮ ಮುಖಕ್ಕೇ ಮಾಡಿಕೊಂಡು ನೋಡಿ, ನಡುಗಿದರೆ ನಿಲ್ಲಿಸಿಬಿಡಿ ಎಂದೂ ಎಚ್ಚರ ಹೇಳಿದರು.

ಹತ್ತು ದಿನ ಅವನು ತನ್ನ ಮುಖವನ್ನೇ ಬೋಳಿಸಿಕೊಂಡ. ಹನ್ನೊಂದನೆಯ ದಿನ ಅಂಗಡಿಗೆ ಹೋಗಿ ತನ್ನ ಕುರ್ಚಿಯ ಹಿಂದೆ ನಿಂತ. ಪರಿಚಯದವರೆಲ್ಲ ಪ್ರೀತಿಯಿಂದ ಮಾತಾಡಿಸಿ, ಅಷ್ಟೇ ನಯವಾಗಿ ತಮ್ಮನ ಕುರ್ಚಿಗೆ ಸರಿದರು. ಹೀಗೇ ಮೂರು ದಿನ ಹೋಯಿತು. ನಾಲ್ಕನೆಯ ದಿನ ಮಗಳ ಮನೆಗೆ ಬಸ್ಸು ಹಿಡಿಯಲು ಹೊರಟಿದ್ದ ಹೊಸಬರೊಬ್ಬರು ಬಂದು, ಖಾಲಿ ಇದ್ದ ಅವನ ಕುರ್ಚಿಯಲ್ಲಿ ಕೂತು ಕೊರಳೆತ್ತಿದರು.

ಪಕ್ಕದಲ್ಲಿದ್ದ ತಮ್ಮ, ಸುಮ್ಮನೆ ಶುರು ಮಾಡು ಎಂದು ಕಣ್ಸನ್ನೆ ಮಾಡಿದ. ಜೋಂಪಣ್ಣ ಬ್ರಶ್ಶನ್ನು ಕೆಳಗಿಟ್ಟ.

"ನಾಲ್ಕು ತಿಂಗಳ ಹಿಂದೆ ಈ ಕೈಗೆ ಲಕ್ವ ಹೊಡೆದಿತ್ತು, ಸ್ವಾಮಿ. ಈಗ ವಾಸಿಯಾಗಿದೆ ಅಂತ ನನ್ನ ನಂಬಿಕೆ. ನಿಮಗೆ ಬೇಡ ಅನ್ನಿಸಿದ್ರೆ ಆ ಕುರ್ಚಿಗೆ ಹೋಗಿ. ನಂಗೇನೂ ಬೇಜಾರಿಲ್ಲ."

ಅವರ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಯಾರಿಗಾದರೂ ಮಾಡಿದ್ದೀರಾ ಎಂದು ಕೇಳಿದರು. ನನಗೇ ಮಾಡಿಕೊಂಡಿದ್ದೇನೆ ಎಂದು ಅವನು ಮುಖ ಬಗ್ಗಿಸಿದ. ಅವರು ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಸವರಿ ನೋಡಿದರು. "ಕಿವಿ ಕೆಳಗೆ ನಾಲ್ಕು ಕೂದಲು ಬಿಟ್ಟಿದೀರಿ."

"ಅದು ಕಣ್ಣಿನ ತಪ್ಪು, ಕೈಯದಲ್ಲ."

ಅವರು ಗಟ್ಟಿಯಾಗಿ ನಕ್ಕು, ತಲೆಯನ್ನು ಹಿಂದಕ್ಕೆ ಒರಗಿಸಿದರು.

ಜೋಂಪಣ್ಣ ಎಂದಿನ ಎರಡರಷ್ಟು ಹೊತ್ತು ತೆಗೆದುಕೊಂಡ. ಗಂಟಲಿನ ಉಬ್ಬಿನ ಹತ್ತಿರ ಬಂದಾಗ ತಮ್ಮನ ಕತ್ತರಿಯ ಸದ್ದು ನಿಂತುಹೋಯಿತು. ಎರಡು ಬೆರಳ ನಡುವೆ ಕತ್ತಿ ಹಗುರಾಗಿ ಮೇಲೆ ಹೋಯಿತು, ಕೆಳಗೆ ಬಂತು. ಒದ್ದೆ ಟವೆಲಿನಿಂದ ಒರೆಸಿದ. ಟವೆಲು ಬೆಳ್ಳಗೇ ಇತ್ತು.

ಅವರು ಕನ್ನಡಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡರು. ಬಸ್ಸಿಗೆ ಇನ್ನೂ ಹೊತ್ತಿದೆ ಎಂದರು.

"ಗಲ್ಲದ ಕೆಳಗೆ ಇನ್ನೊಂದು ಸಲ ಕತ್ತಿ ಆಡಿಸಿಬಿಡಿ."

ಜೋಂಪಣ್ಣ ಬ್ರಶ್ಶನ್ನು ನೀರಲ್ಲಿ ಅದ್ದಿ, ಮತ್ತೆ ನೊರೆ ಬರಿಸತೊಡಗಿದ.