ಬಾಯಿಗಿಟ್ಟ ಬೊಟ್ಟು

ಶಿಡ್ಲಘಟ್ಟದಲ್ಲಿ ಹುಟ್ಟಿಯೂ ರೇಷ್ಮೆ ಬಿಟ್ಟು ಬೇರೆ ಕೆಲಸ ಹಿಡಿದವನನ್ನು ಆಗಿನ ಜನ ಸ್ವಲ್ಪ ಅನುಮಾನದಿಂದಲೇ ನೋಡುತ್ತಿದ್ದರು. ಲಾಲ್ ಬಾಷಾ ಅಂಥವನು. ಅಪ್ಪ, ಚಿಕ್ಕಪ್ಪ, ಅಣ್ಣ ಮೆಹಬೂಬ್ ಪಾಷಾ, ಎಲ್ಲರೂ ಗೂಡು ಬೇಯಿಸಿ ನೂಲು ತೆಗೆಯುವವರು. ಇವನೊಬ್ಬ ಮಾತ್ರ ಆ ಕುದಿನೀರಿನ ವಾಸನೆ ತಾಳಲಾರದೆ ಚಿಕ್ಕಬಳ್ಳಾಪುರದ ಬಸ್ ರಿಪೇರಿ ಶೆಡ್ಡು ಸೇರಿದ. ಹತ್ತು ವರ್ಷ ಮೈಗೆಲ್ಲ ಗ್ರೀಸು ಬಳಿದುಕೊಂಡು, 1957ರಲ್ಲಿ ಊರಿಗೆ ಮರಳಿ ಸ್ವಂತ ಗ್ಯಾರೇಜು ಇಟ್ಟ. ಗ್ಯಾರೇಜೆಂದರೆ ನಾಲ್ಕು ತಗಡು, ಒಂದು ಹುಣಸೆಮರ. ನಿನ್ನ ಪಾಲಿನ ಚರಕ ಖಾಲಿ ಇಟ್ಟಿದ್ದೇನೆ, ಸಾಕಾದಾಗ ಬಂದು ಕೂತುಕೋ ಎಂದು ಅಣ್ಣ ಸಿಕ್ಕಿದಾಗಲೆಲ್ಲ ಚುಚ್ಚುತ್ತಿದ್ದ.

ಲಾಲ್ ಬಾಷಾನ ರೀತಿಯೇ ಬೇರೆ. ಗಾಡಿ ಬಂದ ಕೂಡಲೇ ಬಾನೆಟ್ ಎತ್ತುವವನಲ್ಲ. ಮಾಲೀಕನನ್ನು ಸ್ಟೂಲಿನ ಮೇಲೆ ಕೂರಿಸಿ, ಎಲ್ಲಿ ನಿಂತಿತು, ಏರಿನಲ್ಲೋ ಇಳಿಜಾರಿನಲ್ಲೋ, ಹಿಂದಿನ ದಿನ ಯಾರು ಮುಟ್ಟಿದ್ದರು ಎಂದೆಲ್ಲ ಡಾಕ್ಟರು ಕೇಳುವಂತೆ ಕೇಳುತ್ತಿದ್ದ. ಗಾಡಿ ಏನನ್ನೂ ಮುಚ್ಚಿಡೋದಿಲ್ಲ, ಮಾಲೀಕರೇ ಮರೆಯೋದು ಅನ್ನುತ್ತಿದ್ದ.

1959ರ ದಸರಾ ಕಳೆದ ಮೇಲೆ ಸಾದಲಿಯ ಚೆನ್ನರಾಯಪ್ಪ ತನ್ನ ಹಸಿರು ಕಾರು ತಂದ. ಸಾದಲಿ ಹೋಬಳಿಗೆಲ್ಲ ಅದೊಂದೇ ಕಾರು. ನಾಲ್ಕು ಮೈಲಿ ಸಲೀಸಾಗಿ ಓಡುತ್ತದೆ, ಐದನೆಯದರಲ್ಲಿ ಕೆಮ್ಮಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದ ಹಾಗೆ ಹೊರಡುತ್ತದೆ. ಹಬ್ಬಕ್ಕೆ ತೊಳೆದದ್ದು ಬಿಟ್ಟರೆ ಯಾರೂ ಮುಟ್ಟಿಲ್ಲ ಎಂದ ಚೆನ್ನರಾಯಪ್ಪ. ತೊಳೆದಾಗ ನೀರು ಹೊಕ್ಕಿರಬೇಕೆಂದು ಲಾಲ್ ಬಾಷಾ ವೈರುಗಳನ್ನೆಲ್ಲ ಒರೆಸಿ ಒಣಗಿಸಿ, ಊರಂಚಿನ ಕೆರೆ ಏರಿಯವರೆಗೆ ಓಡಿಸಿ ನೋಡಿದ. ಚೆನ್ನಾಗಿ ಓಡಿತು. ಮೂರೇ ದಿನಕ್ಕೆ ಮತ್ತೆ ನಿಂತಿತು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಕೆರೆ ಏರಿಯವರೆಗೆ ಓಡಿತು, ಮತ್ತೆ ಸಾದಲಿ ದಾರಿಯಲ್ಲಿ ನಿಂತಿತು. ಪೆಟ್ರೋಲ್ ಪಂಪನ್ನೂ ಬಿಚ್ಚಿ ಜೋಡಿಸಿದ. ಅದೂ ದಂಡ.

ಚೆನ್ನರಾಯಪ್ಪ ಕೂಗಾಡುವ ಮನುಷ್ಯನಲ್ಲ. "ಸೋಮವಾರ ಬೆಂಗಳೂರಿಗೆ ತಗೊಂಡೋಗ್ತೀನಿ ಬಾಷಾ, ಬೇಜಾರು ಮಾಡ್ಕೋಬೇಡಪ್ಪ" ಎಂದ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಶಿಡ್ಲಘಟ್ಟದಲ್ಲಿದ್ದದ್ದೇ ಒಂಬತ್ತು ಕಾರು, ನಾಲ್ಕು ಲಾರಿ. ಲಾಲ್ ಬಾಷಾನ ಕೈಯಲ್ಲಿ ಆಗಲಿಲ್ಲವಂತೆ ಎಂಬ ಮಾತು ಟೀ ಅಂಗಡಿಗೆ ಮುಟ್ಟಿದರೆ ಒಂದು ಗಾಡಿಯೂ ಹುಣಸೆಮರದ ಕೆಳಗೆ ಬರುವುದಿಲ್ಲ. ಆಮೇಲೆ ಅಣ್ಣನ ಚರಕವೇ ಗತಿ. ನಿಂತ ಜಾಗದಲ್ಲೇ ನೋಡಬೇಕು, ಶುಕ್ರವಾರ ಪೇಟೆಗೆ ಬಂದು ಹೋಗುವಾಗ ನಾನೂ ಜೊತೆಗೆ ಬರುತ್ತೇನೆ ಎಂದು ಚೆನ್ನರಾಯಪ್ಪನನ್ನು ಕೇಳಿಕೊಂಡ.

ಶುಕ್ರವಾರ ನಮಾಜು ಮುಗಿಸಿ ಹತ್ತಿದ. ಹಿಂದಿನ ಸೀಟಿನಲ್ಲಿ ಚೆನ್ನರಾಯಪ್ಪನ ತಾಯಿ ಅಮ್ಮಾಜಮ್ಮ. ಕಣ್ಣು ತೋರಿಸಲು ಪೇಟೆಗೆ ಬಂದವಳು. ನಾಲ್ಕು ಮೈಲಿ ಕಳೆಯಿತು. ಹಿಪ್ಪುನೇರಳೆ ತೋಟದ ಪಕ್ಕ ಕಾರು ಕೆಮ್ಮಿತು, ನಿಂತಿತು. ತಾಲ್ಲೂಕಿನಲ್ಲಿ ಕಾರು ಕೆಟ್ಟಿದ್ದಕ್ಕೆ ಖುಷಿಪಟ್ಟವನು ಅವತ್ತು ಇವನೊಬ್ಬನೇ ಇರಬೇಕು.

ಪೆಟ್ರೋಲ್ ಎಷ್ಟಿದೆ ನೋಡೋಣವೆಂದು ಕಡ್ಡಿ ಹಿಡಿದು ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಒಳಗಿನಿಂದ 'ಹುಸ್' ಎಂದು ಸದ್ದು. ಟ್ಯಾಂಕು ಗಾಳಿ ಎಳೆದುಕೊಂಡಿತು. ಲಾಲ್ ಬಾಷಾ ಮುಚ್ಚಳವನ್ನು ಕಣ್ಣ ಹತ್ತಿರ ಹಿಡಿದ. ಅದರ ಮೇಲೆ ಗಂಧ, ಅರಿಶಿನ, ಕುಂಕುಮ, ಪದರದ ಮೇಲೆ ಪದರ. ಮೇಲಿನದು ಬೆಳಗ್ಗೆಯದೇ, ಇನ್ನೂ ಹಸಿ. ಕೆರೆದರೆ ಅಡಿಯಲ್ಲಿ ಸೂಜಿಮೊನೆಯಷ್ಟು ತೂತು. ಪೆಟ್ರೋಲು ಇಳಿದಷ್ಟೂ ಆ ತೂತಿನಿಂದ ಗಾಳಿ ಒಳಗೆ ಹೋಗಬೇಕು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹಾಕಿದರೆ ಎಣ್ಣೆ ಹೇಗೆ ಸುರಿಯುವುದಿಲ್ಲವೋ, ಇಲ್ಲೂ ಹಾಗೇ ಆಗಿತ್ತು.

ಅಮ್ಮಾಜಮ್ಮ ಕಿಟಕಿಯಿಂದ ತಲೆ ಹಾಕಿ, ಅದು ತಾನೇ ಇಟ್ಟದ್ದೆಂದಳು. ಆಯುಧ ಪೂಜೆಯ ದಿನ ಕಾರು ಎಲ್ಲಿಂದ ಕುಡಿಯುತ್ತದೆಂದು ಮಗನನ್ನು ಕೇಳಿ ತಿಳಿದುಕೊಂಡಿದ್ದಳು. ಅನ್ನ ಹೋಗುವ ಜಾಗಕ್ಕೆ ಮೊದಲ ಪೂಜೆಯೆಂದು ಅವತ್ತಿನಿಂದ ಪ್ರತಿ ಶುಕ್ರವಾರ ಬೊಟ್ಟು ಇಡುತ್ತಿದ್ದಳು. ಚೆನ್ನರಾಯಪ್ಪನ ಮುಖ ಕೆಂಪಗಾಯಿತು. ಮಗ ಬಾಯಿ ತೆರೆಯುವ ಮೊದಲೇ ಲಾಲ್ ಬಾಷಾ ನಡುವೆ ನಿಂತ. ಒಳಗೆ ಅವನಿಗೂ ಅಳುಕೇ. ಪೂಜೆಯ ಮಾತು, ಆಡುವವನು ತಾನು.

"ಅಮ್ಮ, ಪೂಜೆ ಮಾಡಿದ್ದು ಸರಿಯಾಗೇ ಇದೆ. ಆದ್ರೆ ಬೊಟ್ಟು ಹಣೆಗಿಡ್ತೀರಿ, ಬಾಯಿಗೆ ಮೆತ್ತಲ್ವಲ್ಲ. ಇದಕ್ಕೂ ಮುಂದ್ಗಡೆ ಹಣೆ ಐತೆ, ಅಲ್ಲಿಡಿ" ಎಂದ.

ಅಮ್ಮಾಜಮ್ಮ ಮುಚ್ಚಳದ ಮೇಲಿನ ಬೊಟ್ಟನ್ನೊಮ್ಮೆ ನೋಡಿದಳು. ಆಮೇಲೆ ಸೆರಗು ಬಾಯಿಗಡ್ಡ ಹಿಡಿದು ನಗತೊಡಗಿದಳು. "ಅಯ್ಯೋ ಕೂಸೇ, ಉಸಿರು ಕಟ್ಟಿಸಿಬಿಟ್ಟಿದ್ನಲ್ಲಪ್ಪ" ಎಂದು ಕಾರಿನ ಮೈ ಸವರಿ, ಬಳೆಯಲ್ಲಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಆ ಪಿನ್ನಿನಿಂದಲೇ ತೂತು ಬಿಡಿಸಿದ್ದಾಯಿತು. ಕಾರು ಸಾದಲಿಯವರೆಗೆ ಎಲ್ಲೂ ನಿಲ್ಲಲಿಲ್ಲ.

ಈ ಕಥೆಯನ್ನು ಮನೆಮನೆಗೆ ಮುಟ್ಟಿಸಿದವಳು ಸ್ವತಃ ಅಮ್ಮಾಜಮ್ಮ. ಆರು ತಿಂಗಳಲ್ಲಿ ಚಿಂತಾಮಣಿ, ಗೌರಿಬಿದನೂರು ಕಡೆಯ ಗಾಡಿಗಳೂ ಹುಣಸೆಮರ ಹುಡುಕಿಕೊಂಡು ಬಂದವು. ಮೆಹಬೂಬ್ ಪಾಷಾ ತಮ್ಮನನ್ನು ಹೊಗಳಲಿಲ್ಲ. ಖಾಲಿ ಇಟ್ಟಿದ್ದ ಚರಕಕ್ಕೆ ಬೇರೊಬ್ಬರನ್ನು ಕೂರಿಸಿದ. ಸುದ್ದಿ ತಿಳಿದ ದಿನ ಲಾಲ್ ಬಾಷಾ ಮನೆಗೆ ಮಿಠಾಯಿ ಒಯ್ದ.

ಮುಂದಿನ ಆಯುಧ ಪೂಜೆಗೆ ಅಮ್ಮಾಜಮ್ಮ ತಟ್ಟೆ ಹಿಡಿದು ಗ್ಯಾರೇಜಿಗೇ ಬಂದಳು. ನಿನ್ನ ಆಯುಧಕ್ಕೂ ಒಂದು ಬೊಟ್ಟು ಇಡಲೇನಪ್ಪ ಎಂದು ಕೇಳಿದಳು. ಲಾಲ್ ಬಾಷಾ ಕೈ ಒರೆಸಿಕೊಂಡು, ಚಿಕ್ಕಬಳ್ಳಾಪುರದಿಂದ ಜೊತೆಗೆ ತಂದಿದ್ದ ಹಳೆಯ ಸ್ಪ್ಯಾನರ್ ಕೊಟ್ಟ. ಮುದುಕಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದಕ್ಕೆ ಬಾಯಿ ಯಾವ ಕಡೆ ಬಾಷಾ?"

"ಎರಡು ಕಡೆನೂ ಬಾಯೇ ಅಮ್ಮ. ನಡುವೆ ಇಡಿ."

ಅವಳು ನಡುವೆ ಇಟ್ಟಳು. ಲಾಲ್ ಬಾಷಾ ಅವತ್ತೆಲ್ಲ ಆ ಸ್ಪ್ಯಾನರನ್ನು ತುದಿ ಹಿಡಿದೇ ಕೆಲಸ ಮಾಡಿದ.