ಅವ್ವನ ಹಾಡಿನಲ್ಲಿ ಇಲ್ಲದ ಸಪ್ಪಳ

ನನ್ನ ಕಿವಿಯ ಬಗ್ಗೆ ನನಗೆ ಮೊದಲಿನಿಂದಲೂ ಜಂಬ. ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುವ ಅಂಗಡಿ ಇಟ್ಟಿದ್ದವನು ನಾನು. ಕೂಡ್ಲಿಗಿಯಿಂದ, ಹಗರಿಬೊಮ್ಮನಹಳ್ಳಿಯಿಂದ ಜನ ಹಾಡಿನ ಪಟ್ಟಿ ಬರೆದುಕೊಂಡು, ಖಾಲಿ ಕ್ಯಾಸೆಟ್ ಹಿಡಿದು ಬರುತ್ತಿದ್ದರು. ಟೇಪು ಚೂರು ನಿಧಾನ ಓಡಿದರೂ ಗಿರಾಕಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. "ನಿನಗ ಇರುವಿ ನಡೆದ ಸಪ್ಪಳನೂ ಕೇಳತೈತಿ ಬಿಡಪಾ" ಎಂದು ಪಕ್ಕದ ಚಹಾದಂಗಡಿಯವನು ಗೇಲಿ ಮಾಡುತ್ತಿದ್ದ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು, ಜಂಬ ಮಾತ್ರ ಹಾಗೇ ಉಳಿದಿತ್ತು. ಅದರ ಗಾಳಿ ತೆಗೆದವಳು ನನ್ನ ಮಗಳು. ಹರಪನಹಳ್ಳಿಯ ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಈ ಸಲ ರಜೆಗೆ ಬಂದಾಗ ಅವಳ ಫೋನಿನ ಹಾಡು ಕೇಳಿ ನಾನು ಮೂಗು ಮುರಿದೆ. ಕಡಿಮೆ ಜಾಗದಲ್ಲಿ ಹಿಡಿಸಲೆಂದು ಕುಗ್ಗಿಸಿದ ಹಾಡು ಹಿಂಡಿ ಬಿಟ್ಟ ಕಬ್ಬಿದ್ದಂತೆ, ಅದನ್ನು ಕೇಳುವವರಿಗೆ ಕಿವಿಯೇ ಇಲ್ಲ ಎಂದೆ. ಅವಳು ವಾದ ಮಾಡಲಿಲ್ಲ. ದೊಡ್ಡ ಹೆಡ್‌ಫೋನ್ ತಂದು ನನ್ನ ತಲೆಗೆ ಏರಿಸಿದಳು.

"ಅಪ್ಪಾ, ಕಣ್ಣು ಮುಚ್ಚು. ಹಾಡು ಒಂದೇ. ಒಂದು ಸಲ ಪೂರ್ತಿದು ಹಾಕ್ತೀನಿ, ಒಂದು ಸಲ ಕುಗ್ಗಿಸಿದ್ದು. ಯಾವುದು ಯಾವುದು ಅಂತ ಹೇಳು."

ಹತ್ತು ಸಲ ಹಾಕಿದಳು. ಐದು ಸರಿ, ಐದು ತಪ್ಪು.

"ಟಾಸ್ ಹಾಕಿದ್ರೂ ಇಷ್ಟ ಬರತಿತ್ತು" ಎಂದು ನಕ್ಕಳು. ಫ್ಯಾನಿನ ಸದ್ದು ಎಂದೆ, ಫ್ಯಾನ್ ಆರಿಸಿದಳು. ಹೆಡ್‌ಫೋನ್ ಸರಿಯಿಲ್ಲ ಎಂದೆ, ಬೇರೆಯದು ಕೊಟ್ಟಳು. ಮತ್ತೆ ಅದೇ ಹಣೆಬರಹ. "ಹದವಾಗಿ ಕುಗ್ಗಿಸಿದ್ರ ಬಹಳ ಮಂದಿಗೆ ಗೊತ್ತಾಗೋದಿಲ್ಲಪಾ, ನಿನಗೊಬ್ಬನಿಗೇ ಅಲ್ಲ" ಎಂದು ಸಮಾಧಾನ ಮಾಡಿದಳು.

ನನಗೆ ಸಿಟ್ಟು ಬರಬೇಕಿತ್ತು. ಮೊದಲು ಬಂತು ಕೂಡ. ಆಮೇಲೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ವ್ಯತ್ಯಾಸ ಯಾರಿಗೂ ಕೇಳುವುದಿಲ್ಲ ಎಂದಾದರೆ, ಅವ್ವನ ಹಾಡಿನ ವಿಷಯದಲ್ಲಿ ನಾನು ತಪ್ಪು ಮಾಡಿದ ಹಾಗಾಗಲಿಲ್ಲವಲ್ಲ!

ಅವ್ವ ಕೂತು ಹಾಡಿದವಳಲ್ಲ. ನಮ್ಮ ಕಡೆಯ ಎಷ್ಟೋ ಹೆಂಗಸರ ಹಾಗೆ ಅವಳಿಗೂ ಹಾಡು ಕೆಲಸದ ಜೊತೆಗೇ ಬರುತ್ತಿತ್ತು. ಅಂಗಡಿ ಇಟ್ಟ ಹೊಸತರಲ್ಲಿ ಅವಳನ್ನು ಪಡಸಾಲೆಯಲ್ಲಿ ಕೂರಿಸಿ, ಮುಂದೆ ಮೈಕ್ ಇಟ್ಟು, ಹಾಡು ಅಂದಿದ್ದೆ. ಎರಡು ಸಾಲಿಗೆ ನಿಂತುಬಿಟ್ಟಳು. "ಕೈ ಖಾಲಿ ಇದ್ರ ಬಾಯಿಗೆ ಹೆಂಗ ಬರತೈತೋ?" ಎಂದು ಎದ್ದು ಅಡುಗೆಮನೆಗೆ ಹೋದಳು. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತದ್ದೇ ತಡ, ನಿಂತ ಹಾಡು ಅಲ್ಲಿಂದಲೇ ಶುರುವಾಯಿತು. ನಾನು ಟೇಪ್‌ರೆಕಾರ್ಡರನ್ನು ಒಲೆಯ ಪಕ್ಕಕ್ಕೆ ಒಯ್ದೆ. ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ತುಂಬಿತು. ಅಂದು ಸಂಜೆ ಅಪ್ಪ, ಅವ್ವ, ಅಕ್ಕ, ನಾನು ಕೂತು ಕೇಳಿದೆವು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು.

ಮರುವರ್ಷ ಅಪ್ಪ ತೀರಿಕೊಂಡ. ಅವ್ವ ಬಳೆ ತೆಗೆದಳು. ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ, ಆದರೆ ಹಾಡುವುದನ್ನು ಬಿಟ್ಟಳು.

ಕಾಲ ಬದಲಾಯಿತು, ಅಂಗಡಿಗೆ ಕಂಪ್ಯೂಟರ್ ಬಂತು. ಒಂದು ಮೆಮೊರಿ ಕಾರ್ಡಿಗೆ ಸಾವಿರ ಹಾಡು ಹಿಡಿಸಿ ಕೊಟ್ಟವನೇ ಜಾಣ ಎನ್ನುವ ಕಾಲ ಅದು. ಹಾಡುಗಳನ್ನು ಹಿಂಡಿ ಹಿಂಡಿ ತುಂಬುತ್ತಿದ್ದೆ. ಅದೇ ಚಾಳಿಯಲ್ಲಿ ಅವ್ವನ ಕ್ಯಾಸೆಟ್ಟನ್ನೂ ಕಂಪ್ಯೂಟರಿಗೆ ಏರಿಸಿದೆ. ಹಿನ್ನೆಲೆಯ ಗದ್ದಲ ತೆಗೆಯುವ ಗುಂಡಿ ಒತ್ತಿದೆ. ಎಷ್ಟು ಸಣ್ಣದಾಗುತ್ತದೋ ಅಷ್ಟು ಸಣ್ಣದು ಮಾಡಿದೆ. ಹಾಡು ಸ್ವಚ್ಛವಾಯಿತು ಎಂದು ಬೀಗಿದೆ. ಕೆಲವು ದಿನದ ಮೇಲೆ ಚಿಗಟೇರಿಯ ಗಿರಾಕಿಯೊಬ್ಬ ಭಜನೆ ತುಂಬಿಸಿಕೊಳ್ಳಲು ಬಂದ. ಅವನ ಬಸ್ಸಿಗೆ ಒಂದೇ ತಾಸು ಉಳಿದಿತ್ತು, ನನ್ನಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ಅವ್ವನ ಕ್ಯಾಸೆಟ್ ಅಳಿಸದಿರಲಿ ಎಂದು ನಾನೇ ಅದರ ಮೂಲೆಯ ಪ್ಲಾಸ್ಟಿಕ್ ಹಲ್ಲು ಮುರಿದಿಟ್ಟಿದ್ದೆ. ಮತ್ತೆ ತುಂಬಲು ಬರುವಂತೆ ಆ ತೂತಿಗೆ ನಾನೇ ಅಂಟುಪಟ್ಟಿ ಹಚ್ಚಿ, ಅವ್ವನ ಮೇಲೆ ಭಜನೆ ತುಂಬಿ ಕಳಿಸಿದೆ. ಕಂಪ್ಯೂಟರಿನಲ್ಲಿ ಇದೆಯಲ್ಲ, ಇನ್ನೇನು ಎಂದುಕೊಂಡೆ.

ಅವ್ವ ಹೋದ ಮೇಲೆ ಅದನ್ನು ಹಾಕಿ ಕೇಳುವ ಧೈರ್ಯ ನನಗೆ ಬರಲಿಲ್ಲ. ಹೊಳಲಿಗೆ ಕೊಟ್ಟಿರುವ ಅಕ್ಕ ಮಾತ್ರ ಬಂದಾಗಲೆಲ್ಲ ಆ ಕ್ಯಾಸೆಟ್ ಎಲ್ಲಿ ಎಂದು ಕೇಳುತ್ತಿದ್ದಳು. ಹುಡುಕುತ್ತೇನೆ ಎನ್ನುತ್ತ ವರ್ಷಗಟ್ಟಲೆ ಸುಳ್ಳು ಹೇಳಿದೆ.

ಮಗಳ ಪರೀಕ್ಷೆಯಲ್ಲಿ ನಾನು ನಪಾಸಾದ ಮೂರನೆಯ ದಿನ ಅಕ್ಕ ಬಂದಳು. ನನಗೆ ಧೈರ್ಯ ಬಂದಿತ್ತು. ಅವ್ವನ ಹಾಡನ್ನು ಹಳೆಯ ಕಂಪ್ಯೂಟರಿನಿಂದ ಫೋನಿಗೆ ಹಾಕಿಸಿಕೊಂಡು, ಅಡುಗೆಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದ ಅಕ್ಕನ ಮುಂದೆ ಇಟ್ಟೆ. ಅವ್ವನ ದನಿ ಬಂತು. ಅಕ್ಕನ ಕಣ್ಣು ತುಂಬಿತು, ನನ್ನದೂ. ಒಂದು ನುಡಿ ಮುಗಿಯುವಷ್ಟರಲ್ಲಿ ಅವಳು ತಲೆ ಎತ್ತಿದಳು.

"ಕೈಬಳಿ ಸಪ್ಪಳ ಎಲ್ಲೋ?"

"ಯಾವ ಬಳಿ?"

"ಅವ್ವನ ಗಾಜಿನ ಬಳಿನೋ. ರೊಟ್ಟಿ ಬಡಿಯೋ ಸಪ್ಪಳ ಎಲ್ಲಿ? ಇದು ಅವ್ವ ನೀರಾಗ ಮುಳುಗಿ ಹಾಡಿದಂಗೈತಿ."

ಮಗಳೂ ಕೇಳಿದಳು. ನನ್ನ ಮುಖ ನೋಡಿ ಮೆಲ್ಲಗೆ ಹೇಳಿದಳು: "ಇದು ಹದವಾಗಿ ಕುಗ್ಗಿಸಿದ್ದಲ್ಲ ಅಪ್ಪಾ. ಕಂಪ್ಯೂಟರು ಸಣ್ಣ ಸಪ್ಪಳ ಎಲ್ಲಾ ಗದ್ದಲ ಅಂತ ತೆಗೆದು ಹಾಕೇತಿ. ಹೋಗಿದ್ದು ಮತ್ತ ಬರಂಗಿಲ್ಲ."

"ಆ ಕ್ಯಾಸೆಟ್ ತಗೊಂಡು ಬಾ ಮತ್ತ" ಎಂದಳು ಅಕ್ಕ.

ಇನ್ನು ಸುಳ್ಳು ಹೇಳಲಾಗಲಿಲ್ಲ. ಬಸ್ಸು, ಅಂಟುಪಟ್ಟಿ, ಭಜನೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವ್ವ ಬಳೆ ಹಾಕಿಕೊಂಡಿದ್ದ ಕಾಲದ ಸಪ್ಪಳ ಈ ಭೂಮಿಯ ಮೇಲೆ ಅದೊಂದು ಟೇಪಿನಲ್ಲಿ ಉಳಿದಿತ್ತು, ಅದನ್ನು ಗದ್ದಲ ಎಂದು ತೆಗೆದವನು ಈ ದೊಡ್ಡ ಕಿವಿಯವನು. ಅಕ್ಕನ ಎದುರು ನಿಂತಿರಲು ನನಗೆ ನಾಚಿಕೆಯಾಯಿತು.

ಅಕ್ಕ ಹಿಟ್ಟಿನ ಉಂಡೆ ಹಲಗೆಯ ಮೇಲಿಟ್ಟು, "ಮೊದಲಿಂದ ಹಚ್ಚು" ಎಂದಳು.

ಹಚ್ಚಿದೆ. ಅವ್ವ ಹಾಡಿದಳು, ಅಕ್ಕ ರೊಟ್ಟಿ ಬಡಿದಳು. ಅವಳ ಕೈತುಂಬ ಹಸಿರು ಗಾಜಿನ ಬಳೆ.

"ಹಿಂಗಿತ್ತಲ್ಲೋ?" ಎಂದು ಕೇಳಿದಳು.

ನನಗೆ ನೆನಪಾಗಲಿಲ್ಲ. ಎಷ್ಟು ತಿಣುಕಿದರೂ ಆಗಲಿಲ್ಲ. "ಗೊತ್ತಿಲ್ಲಕ್ಕಾ" ಎಂದೆ.

ಅಕ್ಕ ಕೈ ನಿಲ್ಲಿಸಿ ಕಿವಿಗೊಟ್ಟಳು. "ಅಲ್ಲ, ಇದು ಜೋರಾತು" ಎಂದಳು. ಹಿಟ್ಟಿನ ಕೈಯಿಂದಲೇ ನಾಲ್ಕು ಬಳೆಗಳನ್ನು ಮೊಣಕೈಯತ್ತ ಬಿಗಿಯಾಗಿ ಏರಿಸಿದಳು, ಮುಂಗೈಯಲ್ಲಿ ಎರಡು ಉಳಿದವು. "ಅವ್ವ ಹಿಂಗ ಏರಿಸ್ಕೊಂತಿದ್ಲು. ಈಗ ಕೇಳು ಬಾ, ಹತ್ರ ಕೂಡು."

ನಾನು ಒಲೆಯ ಪಕ್ಕ, ಅಂದು ಟೇಪ್‌ರೆಕಾರ್ಡರ್ ಇಟ್ಟಿದ್ದ ಜಾಗದಲ್ಲಿ ಕೂತೆ.