ಮಾವನ ಹೆಗಲ ಗಂಟು

ನಮ್ಮ ಸೋದರಮಾವನದು ಹಾಸಿಗೆ ಹೊಲಿಯುವ ಕೆಲಸ. ಹತ್ತಿ ತುಂಬಿ ಹೊಲಿದ ಮೇಲೆ ಕಣ್ಣು ಮುಚ್ಚಿಕೊಂಡು ಹಾಸಿಗೆಯ ಉದ್ದಕ್ಕೂ ಅಂಗೈ ಆಡಿಸುತ್ತಾನೆ. ಎಲ್ಲಾದರೂ ಗಂಟು ಸಿಕ್ಕಿತೋ, ಮುಗಿಯಿತು. ಹೊಲಿಗೆ ಬಿಚ್ಚಿ, ಕೈ ತೂರಿಸಿ, ಅದನ್ನು ಎಳೆ ಎಳೆಯಾಗಿ ಹಿಂಜುವವರೆಗೆ ಊಟಕ್ಕೆ ಕರೆದರೂ ಏಳುವುದಿಲ್ಲ. ಈ ಹಟ ಅಂಗಡಿಯಲ್ಲಿ ಇದ್ದರೆ ಚೆನ್ನ. ಅದನ್ನು ಸ್ವಂತ ಮೈಮೇಲೂ ತೋರಿಸಲು ಹೋದ ನೋಡಿ, ಅಲ್ಲಿಂದ ಶುರುವಾಯಿತು ರಗಳೆ.

ಒಂದು ದಿನ ಬಲಹೆಗಲು ಹಿಡಿದುಕೊಂಡಿತ್ತೆಂದು ಹಾಸಿಗೆಯ ಸುರುಳಿಯನ್ನು ಎಡಹೆಗಲ ಮೇಲೆ ಹೊತ್ತ. ಏನೋ ಒತ್ತಿದಂತಾಯಿತು. ಕೈ ಹಿಂದೆ ಹಾಕಿ ಮುಟ್ಟಿದರೆ ಚರ್ಮದಡಿ ದೊಡ್ಡ ಗೋಲಿಯಷ್ಟು ಮೆತ್ತನೆಯ ಗಂಟು. ನೋವಿಲ್ಲ. ಅವನ ಅಣ್ಣ ತೀರಿಕೊಂಡದ್ದು ಒಂದು ಗಡ್ಡೆಯಿಂದ. ಅದೂ ಮೊದಮೊದಲು ನೋಯುತ್ತಿರಲಿಲ್ಲ.

ಬೇರೆಯವರಾಗಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದರು. ಈ ಪುಣ್ಯಾತ್ಮ ಹಿಂಜಲು ಕೂತ! ಹತ್ತಿಯ ಗಂಟಿನ ಹಾಗೆ ಬಿಡಿಸಿಬಿಡಬಹುದೆಂದು ಬೆಳಿಗ್ಗೆ ಸಂಜೆ ಹಿಸುಕಿದ, ತಿಕ್ಕಿದ. ಗಂಟು ಬೆರಳಿನಡಿ ಜಾರಿತೇ ಹೊರತು ಕರಗಲಿಲ್ಲ. ಕೊನೆಗೆ ಆ ಜಾಗ ಕೆಂಪಗಾಗಿ ಬಾತುಕೊಂಡು, ಮುಟ್ಟಿದರೆ ನೋಯತೊಡಗಿತು. ಬೆಳೆಯುತ್ತಿದೆ, ನನ್ನ ಕಥೆ ಮುಗಿಯಿತು ಎಂದುಕೊಂಡ. ಅತ್ತೆಗೆ ಗೊತ್ತಾಗಬಾರದೆಂದು ತನ್ನ ಹಾಸಿಗೆಯನ್ನು ಆಚೆ ಗೋಡೆಯ ಪಕ್ಕಕ್ಕೆ ಎಳೆದುಕೊಂಡು ಮಲಗತೊಡಗಿದ.

ಅತ್ತೆ ನಮ್ಮ ಮನೆಗೆ ಬಂದು ಕಣ್ಣೊರೆಸಿಕೊಂಡಳು. "ನಾನೇನು ತಪ್ಪು ಮಾಡಿದೀನಿ ಅಂತ ನಿಮ್ಮ ಮಾವನ್ನ ಕೇಳೋ. ಮಾತಿಲ್ಲ ಕತೆಯಿಲ್ಲ. ಹಾಸಿಗೇನೂ ಬೇರೆ ಮಾಡ್ಕೊಂಡಿದಾರೆ."

ನನಗೆ ಸಿಟ್ಟು ನೆತ್ತಿಗೇರಿತು. ಅಂಗಡಿಗೆ ಹೋಗಿ ತರಾಟೆಗೆ ತೆಗೆದುಕೊಂಡೆ. ಮಾವ ಅಂಗಿ ಸರಿಸಿ ತೋರಿಸಿದ. ಸಿಟ್ಟೆಲ್ಲ ಜರ್ರನೆ ಇಳಿಯಿತು, ನನಗೂ ಹೆದರಿಕೆಯಾಯಿತು. ಅಲ್ಲಿಂದಲೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಒತ್ತಿ, ಜಾರಿಸಿ ನೋಡಿ, "ಎಷ್ಟು ದಿನದಿಂದ ಇದೆ?" ಎಂದರು.

"ಈಗೊಂದು ತಿಂಗಳಿಂದ. ದಿನಾ ಹಿಸುಕಿದ್ರೂ ದೊಡ್ಡದಾಗ್ತಿದೆ," ಎಂದ ಮಾವ.

ಅವರ ಮುಖ ಗಂಭೀರವಾಯಿತು. ಸ್ಕ್ಯಾನ್ ಮಾಡಿಸಿದರು. ಅದು ಮುಗಿಯುವವರೆಗೆ ಮಾವ ನನ್ನ ಕೈ ಬಿಡಲಿಲ್ಲ.

"ಬರೀ ಕೊಬ್ಬಿನ ಗಡ್ಡೆ ಇದು. ಕ್ಯಾನ್ಸರ್ ಅಲ್ಲ, ಏನೂ ಅಲ್ಲ. ಎಷ್ಟೋ ಜನಕ್ಕೆ ಇರತ್ತೆ. ಬಾತಿರೋದು ನೀವು ಹಿಸುಕಿದ್ದಕ್ಕೆ," ಎಂದರು ಡಾಕ್ಟರಮ್ಮ.

ಮಾವನಿಗೆ ತಲೆಬುಡ ಅರ್ಥವಾಗಲಿಲ್ಲ. "ನೋವಿಲ್ಲ ಅಂತ ಹೆದರಿಕೊಂಡೆ. ನೋವು ಬಂತು ಅಂತ ಇನ್ನೂ ಹೆದರಿಕೊಂಡೆ. ಯಾವುದನ್ನ ನಂಬೋದು ಡಾಕ್ಟ್ರೇ?"

"ನೋವೊಂದನ್ನೇ ನಂಬ್ಕೊಂಡು ಕೂರಬೇಡಿ. ಗಟ್ಟಿಯಾಗಿದ್ರೆ, ಜಾರದೆ ಅಂಟ್ಕೊಂಡಿದ್ರೆ, ಬೇಗ ಬೇಗ ಬೆಳೀತಿದ್ರೆ ಅನುಮಾನ ಪಡಬೇಕು. ಹೊಸ ಗಂಟು ಯಾವುದೇ ಆಗ್ಲಿ, ಬಂದು ತೋರಿಸಿ. ನೀವೇ ತೀರ್ಮಾನ ಮಾಡ್ಬೇಡಿ."

"ಇದನ್ನ ತೆಗೆಯಲ್ವಾ?"

"ತೊಂದರೆ ಕೊಟ್ರೆ ತೆಗೆಯೋಣ. ಇಲ್ದಿದ್ರೆ ಅದರ ಪಾಡಿಗೆ ಅದು ಇರಲಿ."

ಗಂಟು ಇರಲಿ ಎಂದು ಮಾವನಿಗೆ ಯಾರಾದರೂ ಹೇಳಿದ್ದು ಅದೇ ಮೊದಲು. "ಏನೂ ಅಲ್ಲ ಅಂದ್ಮೇಲೆ ಅಲ್ಲಿ ಯಾಕಿದೆ?" ಎಂದು ದಾರಿಯುದ್ದಕ್ಕೂ ಗೊಣಗಿದ. ನನಗೇನು ಗೊತ್ತು!

ಮನೆಯಲ್ಲಿ ಅತ್ತೆಗೆ ಎಲ್ಲವನ್ನೂ ಹೇಳಿದ. ಅಳುತ್ತಾಳೆಂದುಕೊಂಡಿದ್ದೆ. ಅವಳು ಗಂಡನನ್ನು ದುರುಗುಟ್ಟಿ ನೋಡಿದಳು.

"ಎಡಹೆಗಲ ಹಿಂದಿಂದಾ? ಅದು ಹೊಸದಾ? ಮಗಳು ಹುಟ್ಟೋಕೆ ಮುಂಚಿಂದ ಇದೆ! ದಿನಾ ಅದರ ಮೇಲೆ ಕೈ ಇಟ್ಕೊಂಡೇ ನಾನು ನಿದ್ದೆ ಮಾಡೋದು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಊರವರ ಹಾಸಿಗೆಯ ಗಂಟನ್ನೆಲ್ಲ ಹುಡುಕಿದವನು ಕೈ ಹಿಂದೆ ಹಾಕಿ ಹೆಗಲು ಮುಟ್ಟಿ ನೋಡಿಕೊಂಡ. ಅತ್ತೆ ಒಳಗೆ ಹೋಗಿ ಗೋಡೆಯ ಪಕ್ಕದ ಹಾಸಿಗೆಯನ್ನು ದರದರ ಎಳೆದು ತನ್ನ ಹಾಸಿಗೆಗೆ ಕೂಡಿಸಿ ಹಾಕಿದಳು.

"ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ರೀ," ಎಂದಳು. ಅಳು ಬಂದದ್ದು ಆಗ.